ಪಂದಿಕರಿಗೆ ಪಾಯಿಂಟ್ ಲೆಕ್ಕ ಹಾಕುವುದು ಹೇಗೆ?

ತೂಕ ಇಳಿಸಲು ಹೊರಟವರಿಗೆ ಕೊಡಗಿನಲ್ಲಿ ಮೊದಲು ಸಿಗುವ ಸಲಹೆ, ಪಂದಿಕರಿ (ಕೊಡವರ ಹಂದಿ ಮಾಂಸದ ಕರಿ) ಬಿಡಿ ಅಂತ. ನನ್ನ ಪ್ರಕಾರ ಬಿಡುವುದು ಬೇಡ. ಪುತ್ತರಿ, ಕೈಲ್‌ಪೊಳ್ದ್ ಹಬ್ಬಗಳು, ಮದುವೆ ಮನೆ ಎಲ್ಲ ಕಡೆಯೂ ಎದುರಿಗೆ ಬರುವ ಅಡುಗೆ ಅದು. ಎಷ್ಟು ದಿನ ಅಂತ ಬೇಡ ಅನ್ನುತ್ತೀರಿ? ತಿನ್ನಿ, ಆದರೆ ಎಷ್ಟು ತಿಂದಿರಿ ಅಂತ ಗೊತ್ತಿರಲಿ.

ಅದಕ್ಕೆ ಪಾಯಿಂಟ್ ಲೆಕ್ಕ ಚೆನ್ನಾಗಿ ಒದಗುತ್ತದೆ. 1963ರಲ್ಲಿ ಅಮೆರಿಕದಲ್ಲಿ ಶುರುವಾದ ವೇಟ್ ವಾಚರ್ಸ್ ಸಂಸ್ಥೆ ಇದನ್ನು ಜನಪ್ರಿಯ ಮಾಡಿತು. ಅವರ ಸೂತ್ರ ಹಲವು ಸಲ ಬದಲಾಗಿದೆ. ಮನೆ ಲೆಕ್ಕಕ್ಕೆ ನಾವು 50 ಕ್ಯಾಲರಿಗೆ 1 ಪಾಯಿಂಟ್ ಅಂತ ಹಿಡಿಯೋಣ. ದಿನಕ್ಕೆ 1500 ಕ್ಯಾಲರಿ ಸಾಕು ಎಂದು ಡಾಕ್ಟರ್ ಹೇಳಿದ್ದರೆ ನಿಮ್ಮ ಪಾಲು 30 ಪಾಯಿಂಟ್.

ಅಂಗಡಿಯಲ್ಲೇ ಅರ್ಧ ಲೆಕ್ಕ ಮುಗಿಯುತ್ತದೆ. ಒಂದು ಗ್ರಾಂ ಪ್ರೋಟೀನ್‌ಗೆ 4 ಕ್ಯಾಲರಿ, ಒಂದು ಗ್ರಾಂ ಕೊಬ್ಬಿಗೆ 9. ಹಾಗಾಗಿ ಯಾವ ಭಾಗದ ಮಾಂಸ ಅನ್ನುವುದೇ ಮುಖ್ಯ. ಮುಂಗಾಲಿನ ಮೇಲಿನ ಭುಜದ ಮಾಂಸ ಒಂದು ಕಿಲೋಗೆ ಸುಮಾರು 2400 ಕ್ಯಾಲರಿ, ಅಂದರೆ 48 ಪಾಯಿಂಟ್. ಹೊಟ್ಟೆ ಭಾಗದ್ದಾದರೆ 5000 ದಾಟುತ್ತದೆ, ನೂರಕ್ಕಿಂತ ಜಾಸ್ತಿ ಪಾಯಿಂಟ್! ಮಸಾಲೆ ಅದೇ, ಹುಳಿಗೆ ಹಾಕುವ ಕಾಚಂಪುಳಿ ಅದೇ, ಲೆಕ್ಕ ಮಾತ್ರ ಎರಡು ಪಟ್ಟು. ಕೊಬ್ಬಿಲ್ಲದೆ ಪಂದಿಕರಿಗೆ ರುಚಿ ಇಲ್ಲ ಅನ್ನುವ ಮಾತನ್ನು ನಾನೂ ಒಪ್ಪುತ್ತೇನೆ. ಪೂರ್ತಿ ತೆಗೆಸಬೇಡಿ. ಭುಜದ ಮಾಂಸ ಕೇಳಿ, ಅದರಲ್ಲಿರುವ ಕೊಬ್ಬೇ ಸಾಕಾಗುತ್ತದೆ. ಬೇರೆ ಎಣ್ಣೆ ಹಾಕುವುದೇ ಬೇಡ.

ಈಗ ಪಾತ್ರೆಯ ಲೆಕ್ಕ. ತಟ್ಟೆಯಲ್ಲಿ ಕಣ್ಣಳತೆ ಮಾಡಿದರೆ ಪಂದಿಕರಿಯಲ್ಲಿ ಮೋಸ ಹೋಗುವುದು ಖಂಡಿತ. ತುಂಡು ಚಿಕ್ಕದು, ಮೇಲೆ ಕಪ್ಪು ಮಸಾಲೆ, ಯಾವುದರಲ್ಲಿ ಎಷ್ಟು ಕೊಬ್ಬಿದೆ ಅಂತ ಕಾಣುವುದೇ ಇಲ್ಲ. ಆದ್ದರಿಂದ ಮಾಂಸವನ್ನು ಹಸಿಯಾಗಿರುವಾಗಲೇ ತೂಗಿ, ಒಟ್ಟು ಪಾಯಿಂಟ್ ಬರೆದಿಡಿ. ಖಾಲಿ ಪಾತ್ರೆಯ ತೂಕವನ್ನೂ ಬರೆದಿಡಿ. ಬೆಂದ ಮೇಲೆ ಪಾತ್ರೆ ಸಮೇತ ತೂಗಿ, ಪಾತ್ರೆಯ ತೂಕ ಕಳೆಯಿರಿ. ಒಂದು ಕಿಲೋ ಭುಜದ ಮಾಂಸದ 48ಕ್ಕೆ ಈರುಳ್ಳಿ, ಮಸಾಲೆಯ 2 ಸೇರಿಸಿ ಒಟ್ಟು 50 ಪಾಯಿಂಟ್ ಅಂತಿರಲಿ. ಕರಿ 1250 ಗ್ರಾಂ ಬಂತು ಅಂದುಕೊಳ್ಳಿ. ಆಗ 100 ಗ್ರಾಂಗೆ 4 ಪಾಯಿಂಟ್. ನಿಮ್ಮ ಮನೆಯ ಸೌಟಿನಲ್ಲಿ ಎಷ್ಟು ಗ್ರಾಂ ಹಿಡಿಯುತ್ತದೆ ಎಂದು ಒಮ್ಮೆ ತೂಗಿ ನೋಡಿಬಿಟ್ಟರೆ ಆಮೇಲೆ ಸೌಟೇ ಅಳತೆ.

ಹಿಂದಿನ ದಿನವೇ ಮಾಡಿಟ್ಟರೆ ಇನ್ನೂ ಒಳ್ಳೆಯದು. ಫ್ರಿಜ್‌ನಲ್ಲಿಟ್ಟ ಕರಿಯ ಮೇಲೆ ಬೆಳಿಗ್ಗೆ ಬಿಳಿ ಕೊಬ್ಬು ಕಟ್ಟಿರುತ್ತದೆ. ಒಂದು ದೊಡ್ಡ ಚಮಚ ತೆಗೆದರೂ ಪಾತ್ರೆಯಿಂದ 2 ಪಾಯಿಂಟ್ ಇಳಿದ ಹಾಗೆ. ಮಸಾಲೆ ಹಿಡಿದು ರುಚಿಯೂ ಹೆಚ್ಚಿರುತ್ತದೆ.

ಜೊತೆಗೆ ತಿನ್ನುವ ಅಕ್ಕಿ ತರಿಯ ಉಂಡೆ, ಕಡಂಬುಟ್ಟು ಮರೆಯಬೇಡಿ. ಪಂದಿಗೆ ಬೈದುಕೊಂಡು ಕಡಂಬುಟ್ಟನ್ನು ಎಣಿಸದೆ ತಿನ್ನುವವರೇ ಜಾಸ್ತಿ. 250 ಗ್ರಾಂ ಅಕ್ಕಿ ತರಿಯಲ್ಲಿ ಸುಮಾರು 900 ಕ್ಯಾಲರಿ, 18 ಪಾಯಿಂಟ್. ಅದರಲ್ಲಿ 12 ಉಂಡೆ ಕಟ್ಟಿದರೆ ಒಂದಕ್ಕೆ ಒಂದೂವರೆ. ನೂಪುಟ್ಟಿಗೂ (ಅಕ್ಕಿ ಶ್ಯಾವಿಗೆ) ಅಕ್ಕಿ ಒಟ್ಟಿಗೂ (ಅಕ್ಕಿ ರೊಟ್ಟಿ) ಇದೇ ರೀತಿ, ಹಿಟ್ಟಿನ ತೂಕದಿಂದ ಪಾಯಿಂಟ್ ಲೆಕ್ಕ ಹಾಕಿ, ಎಷ್ಟು ಆಯಿತೋ ಅಷ್ಟರಿಂದ ಭಾಗಿಸಿ.

ಕೋಳಿಯಲ್ಲಿ ಮೂಳೆಯ ಗೊಂದಲ ಇದೆ, ಅಲ್ವಾ? ಬಡಿಸಿಕೊಂಡ ತುಂಡುಗಳನ್ನು ತೂಗಿ, ತಿಂದ ಮೇಲೆ ಮೂಳೆ ತೂಗಿ ಕಳೆಯಿರಿ. ಚರ್ಮ ತೆಗೆದ ಎದೆಯ ಮಾಂಸ ಬೆಂದ ಮೇಲೆ 100 ಗ್ರಾಂಗೆ ಸುಮಾರು 165 ಕ್ಯಾಲರಿ, 3 ಪಾಯಿಂಟ್‌ಗಿಂತ ಸ್ವಲ್ಪ ಮೇಲೆ. ಎಣ್ಣೆಗೆ ಬೇರೆ ಲೆಕ್ಕ: ಒಂದು ಚಿಕ್ಕ ಚಮಚಕ್ಕೆ ಸುಮಾರು 1. ಹಸಿ ಮಾಂಸ ಬೇಯುವಾಗ ಕಾಲು ಭಾಗದಷ್ಟು ತೂಕ ಕಳೆದುಕೊಳ್ಳುತ್ತದೆ. ಹಾಗಾಗಿ ಹಸಿಯದ್ದೋ ಬೆಂದದ್ದೋ, ಯಾವ ತೂಕ ಎಂದು ಪಕ್ಕದಲ್ಲಿ ಬರೆಯಿರಿ.

ಮದುವೆ ಮನೆಗೆ ತಕ್ಕಡಿ ಒಯ್ಯಲಾಗುವುದಿಲ್ಲ. ಅಲ್ಲಿ ಅಂಗೈ ನೆನಪಿರಲಿ. ಬೆರಳು ಬಿಟ್ಟು ಅಂಗೈಯಷ್ಟು ಅಗಲ, ಅಷ್ಟೇ ದಪ್ಪದ ಮಾಂಸ ಸುಮಾರು 85ರಿಂದ 100 ಗ್ರಾಂ. ತುಂಡುಗಳನ್ನು ತಟ್ಟೆಯ ಒಂದು ಬದಿಗೆ ಒಟ್ಟು ಮಾಡಿ ನೋಡಿ. ಪಂದಿಕರಿಯಾದರೆ ಅಷ್ಟಕ್ಕೆ ಕನಿಷ್ಠ 6 ಪಾಯಿಂಟ್ ಹಿಡಿಯಿರಿ, ಯಾವ ಭಾಗದ ಮಾಂಸ ಅಂತ ನಿಮಗೆ ಗೊತ್ತಿರುವುದಿಲ್ಲ. ಕೈಯಲ್ಲಿ ಗ್ಲಾಸ್ ಇದ್ದರೆ 60 ಎಂ.ಎಲ್. ವಿಸ್ಕಿಗೆ ಇನ್ನೂ 3 ಬರೆದುಕೊಳ್ಳಿ.