ಆರೋಗ್ಯ ಪಾಠಗಳಿಗೆ ಚಿತ್ರ ಹುಡುಕಿದ್ದು: ನನ್ನ ಅನುಭವ

ನಾನು ಸಿದ್ಧಪಡಿಸುವ ಆನ್‌ಲೈನ್ ಆರೋಗ್ಯ ಕೋರ್ಸ್‌ಗಳಲ್ಲಿ ನಾಲ್ಕನೆಯದು ಕಳೆದ ತಿಂಗಳು ಮುಗಿಯಿತು. ಒಟ್ಟು 310ರ ಆಸುಪಾಸು ಚಿತ್ರಗಳಿವೆ. ಎಲ್ಲಿಂದ ತಂದಿದ್ದು, ಯಾರದು, ಯಾವ ಲೈಸೆನ್ಸ್ ಎಂದು ಯಾವುದರ ಬಗ್ಗೆ ಕೇಳಿದರೂ ಒಂದೇ ನಿಮಿಷದಲ್ಲಿ ತೋರಿಸಬಲ್ಲೆ. ಎಲ್ಲರೂ ಬಳಸಬಹುದಾದ ಮುಕ್ತ ಚಿತ್ರಗಳನ್ನೇ ಹುಡುಕಿ ಹಾಕುತ್ತೇನೆ ಎಂದಾಗ ಜೊತೆಯವರೆಲ್ಲ, 'ಇದು ಆಗೋ ಕೆಲಸ ಅಲ್ಲ, ಸ್ಟಾಕ್ ಫೋಟೋಗೆ ಚಂದಾ ಕಟ್ಟಿಬಿಡಿ' ಅಂದಿದ್ದರು.

ಅದನ್ನೂ ಮಾಡಿದ್ದೆ. ಮೊದಲ ಕೋರ್ಸಿಗೆ ಒಂದು ವರ್ಷದ ಚಂದಾ ಕಟ್ಟಿದೆ. ಆ ದುಡ್ಡಲ್ಲಿ ಆರೇಳು ಪಾಠಗಳ ಧ್ವನಿಮುದ್ರಣ ಮುಗಿಯುತ್ತಿತ್ತು. ಸಿಕ್ಕಿದ್ದೆಲ್ಲ ಬಿಳಿ ಕೋಟಿನ ನಗುಮುಖಗಳು. ಇಸಿಜಿ ಹುಡುಕಿದರೆ ಅಂದಕ್ಕೆ ಎಳೆದ ಅಂಕುಡೊಂಕು ಗೆರೆ, ಅದರಲ್ಲಿ ಪ್ರತಿ ಬಡಿತದ ಮೊದಲ ಪುಟ್ಟ ಉಬ್ಬಾದ ಪಿ ಅಲೆಯೇ ಇಲ್ಲ. ಅದಕ್ಕಿಂತ ನೋವು ಕೊಟ್ಟಿದ್ದು ಒಂದು ಎದೆಯ ಎಕ್ಸ್-ರೇ. ಯಾರೋ ಪುಟದ ಅಂದಕ್ಕೆಂದು ಎಡಬಲ ತಿರುಗಿಸಿದ್ದರು, ಎಡಬದಿ ಯಾವುದೆಂದು ತೋರಿಸುವ ಮೂಲೆಯ ಎಲ್ ಗುರುತು ಕತ್ತರಿಸಿ ಹೋಗಿತ್ತು. ನಾನೂ ಗಮನಿಸಲಿಲ್ಲ. ಮೂರು ವಾರ ಆದ ಮೇಲೆ ಕಲಿಯುತ್ತಿದ್ದ ನರ್ಸ್ ಒಬ್ಬರು, 'ಮೇಡಂ, ಇದು ಡೆಕ್ಸ್‌ಟ್ರೋಕಾರ್ಡಿಯಾ ಕೇಸಾ?' ಎಂದು ಕೇಳಿದರು. ಅಂದರೆ ಹೃದಯ ಬಲಕ್ಕಿರುವ ರೋಗಿಯೇ ಎಂದು. ಆ ರಾತ್ರಿ ನಿದ್ದೆ ಬರಲಿಲ್ಲ.

ಎರಡನೇ ಕೋರ್ಸಲ್ಲಿ ಬೇರೆ ಪೆಟ್ಟು. ಕೋರ್ಸ್ ಉಚಿತ, ಹಾಗಾಗಿ ರೇಡಿಯೋಪೀಡಿಯಾ ಎಂಬ ಸ್ಕ್ಯಾನ್ ಚಿತ್ರಗಳ ಜಾಲತಾಣದಿಂದ ಸುಮಾರು 40 ಸ್ಕ್ಯಾನ್ ಹಾಕಿಕೊಂಡೆ. ಅಲ್ಲಿನದು ಎನ್‌ಸಿ ಲೈಸೆನ್ಸ್, ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಎಂಟು ತಿಂಗಳ ನಂತರ ಕೋರ್ಸಿಗೆ ಶುಲ್ಕ ಇಡಬೇಕಾಗಿ ಬಂತು. ತಪ್ಪು ನನ್ನದೇ. ನಲವತ್ತನ್ನೂ ತೆಗೆದು ಬೇರೆ ಹುಡುಕಲು ಎರಡು ವಾರ ಹಿಡಿಯಿತು. ಅವತ್ತಿನಿಂದ ಎನ್‌ಸಿ ಮುಟ್ಟುವುದಿಲ್ಲ. ಬದಲಾಯಿಸಿ ಹಂಚುವಂತಿಲ್ಲ ಎನ್ನುವ ಎನ್‌ಡಿ ಲೈಸೆನ್ಸ್ ಸಹ ಬೇಡ. ಬಾಣದ ಗುರುತು ಹಾಕಿ, ಹೆಸರುಗಳನ್ನು ಬೇರೆ ಭಾಷೆಗೆ ತಂದು ಹಂಚುವ ನಮಗೆ ಬದಲಾಯಿಸಲಾಗದ ಚಿತ್ರ ಯಾವ ಕೆಲಸಕ್ಕೂ ಬಾರದು.

ಮೂರನೇ ಕೋರ್ಸಿನಿಂದ ಹುಡುಕುವ ಮೊದಲೇ ಒಂದು ಸಾಲು ಬರೆದಿಟ್ಟುಕೊಳ್ಳುತ್ತೇನೆ: ಈ ಚಿತ್ರ ನೋಡಿದವರು ಏನನ್ನು ಗುರುತಿಸಬೇಕು? ಆ ಸಾಲು ಬರೆಯಲು ಆಗದಿದ್ದರೆ ಅಲ್ಲಿ ಚಿತ್ರವೇ ಬೇಕಿಲ್ಲ. ಮೊದಲ ಕೋರ್ಸಿನ ಮೂರರಲ್ಲಿ ಒಂದು ಪಾಲು ಚಿತ್ರಗಳು ಹೀಗೇ ಬಿದ್ದುಹೋದವು. ಆಮೇಲೆ ಆಡುಮಾತಿನ ಪದ ಬಿಟ್ಟು ವೈದ್ಯಕೀಯ ಲೇಖನಗಳನ್ನು ವಿಂಗಡಿಸಲು ಬಳಸುವ ಮೆಶ್ ಎಂಬ ಪ್ರಮಾಣಿತ ಪಟ್ಟಿಯ ಪದ ಹಿಡಿಯುತ್ತೇನೆ. ಸೋಂಕು ರೋಗಗಳಿಗೆ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯ ಫಿಲ್ ಚಿತ್ರಸಂಗ್ರಹ. ಅಲ್ಲಿನ ಬಹುಪಾಲು ಚಿತ್ರಗಳಿಗೆ ಹಕ್ಕಿನ ತಕರಾರಿಲ್ಲ, ಆದರೆ ಎಲ್ಲವೂ ಹಾಗಲ್ಲ. ಒಂದೊಂದರ ಕೆಳಗಿನ ಹಕ್ಕಿನ ಸಾಲನ್ನೂ ಓದಲೇಬೇಕು. ಜೀವಕೋಶ, ಅಂಗಾಂಗದ ರೇಖಾಚಿತ್ರಗಳಿಗೆ ಸರ್ವಿಯೇ ಮೆಡಿಕಲ್ ಆರ್ಟ್ ಎಂಬ ಉಚಿತ ಸಂಗ್ರಹ. ಅಂಗರಚನೆಗೆ ಓಪನ್‌ಸ್ಟ್ಯಾಕ್ಸ್‌ನ ಉಚಿತ ಪಠ್ಯಪುಸ್ತಕ, ಇಲ್ಲವೇ ಗ್ರೇ ಅವರ ಅಂಗರಚನಾ ಪುಸ್ತಕದ 1918ರ ಆವೃತ್ತಿಯ ಫಲಕಗಳು. ಆ ಫಲಕಗಳ ಗೆರೆಗಳು ಇವತ್ತಿಗೂ ಸೊಗಸು, ಹೆಸರುಗಳು ಮಾತ್ರ ಹಳೆಯವು. ಮಹಾಪಧಮನಿಯಿಂದ ಕವಲೊಡೆಯುವ ಬ್ರಾಕಿಯೊಸೆಫಾಲಿಕ್ ಟ್ರಂಕ್ ಅಲ್ಲಿ ಇನ್ನೊಮಿನೇಟ್ ಆರ್ಟರಿ ಆಗಿರುತ್ತದೆ. ಹೆಸರುಗಳನ್ನೆಲ್ಲ ಅಳಿಸಿ ಹೊಸದಾಗಿ ಬರೆಯುತ್ತೇನೆ.

ರೋಗಿಗಳ ಫೋಟೋಗಳಿಗೆ ವೈದ್ಯಕೀಯ ಲೇಖನಗಳ ಚಿತ್ರಗಳನ್ನು ಹುಡುಕಿಕೊಡುವ ಓಪನ್-ಐ ತಾಣ. ಇಲ್ಲಿ ನಾನು ಹತ್ತು ಹನ್ನೆರಡು ಸಲ ಎಡವಿದ್ದೇನೆ. ಲೇಖನ ಸಿಸಿ ಬೈ, ಅಂದರೆ ಮೂಲದವರ ಹೆಸರು ಹೇಳಿ ಬಳಸಬಹುದು ಎಂದಿರುತ್ತದೆ, ಚಿತ್ರದ ಅಡಿಬರಹದಲ್ಲಿ ಮಾತ್ರ 'ಅನುಮತಿ ಪಡೆದು ಮರುಮುದ್ರಿಸಲಾಗಿದೆ' ಎಂದಿರುತ್ತದೆ. ಆ ಅನುಮತಿ ಲೇಖಕರಿಗೆ ಸಿಕ್ಕಿದ್ದು, ನಮಗಲ್ಲ. ವಿಮರ್ಶಾ ಲೇಖನಗಳಲ್ಲಿ ಇಂಥವೇ ಜಾಸ್ತಿ, ಅದಕ್ಕೇ ಈಗ ಪ್ರಕರಣ ವರದಿಗಳಲ್ಲೇ ಹುಡುಕುತ್ತೇನೆ.

ಚರ್ಮದ ಚಿತ್ರಗಳ ವಿಷಯ ಸ್ವಲ್ಪ ಉದ್ದಕ್ಕೆ ಹೇಳಬೇಕು. 'ಕೆಂಪಗಿನ ದದ್ದು' ಎಂದು ಪಾಠದಲ್ಲಿ ಬರೆದು ಬಿಳಿ ಚರ್ಮದ ಫೋಟೋ ಹಾಕಿದರೆ, ಕಪ್ಪು ಚರ್ಮದ ರೋಗಿಯ ಮುಂದೆ ಕೂತ ಆರೋಗ್ಯ ಕಾರ್ಯಕರ್ತೆ ಏನನ್ನು ಹುಡುಕಬೇಕು? ಅಲ್ಲಿ ಅದೇ ದದ್ದು ನೇರಳೆಯೋ, ಕಡುಕಂದೋ, ಬೂದಿ ಬಣ್ಣವೋ ಆಗಿ ಕಾಣುತ್ತದೆ. 2020ರಲ್ಲಿ ಲಂಡನ್ನಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಮಲೋನ್ ಮುಕ್ವೆಂಡೆ ಕಪ್ಪು, ಕಂದು ಚರ್ಮದ ಲಕ್ಷಣಗಳಿಗೆಂದೇ ಕೈಪಿಡಿ ತಂದರು. ಅದನ್ನು ನೋಡಿದ ಮೇಲೆ ಪ್ರತಿ ಚರ್ಮರೋಗಕ್ಕೂ ಕನಿಷ್ಠ ಎರಡು ಮೈಬಣ್ಣ ಇರಲೇಬೇಕೆಂದು ಹಟ ಹಿಡಿದೆ. 22 ರೋಗಗಳಲ್ಲಿ 19ಕ್ಕೆ ಸಿಕ್ಕಿವೆ. ಇಷ್ಟು ಜೋಡಿ ಇರುವ ಇನ್ನೊಂದು ಕೋರ್ಸ್ ನಾನಂತೂ ನೋಡಿಲ್ಲ. ಹುಡುಕುವಾಗ ರೋಗದ ಹೆಸರಿಗೆ ಇನ್ನೆರಡು ಪದ ಸೇರಿಸುತ್ತೇನೆ. ಅವು ಯಾವುವು ಎಂದು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನಗೆ ಒಂದು ವರ್ಷ ಹಿಡಿದಿದೆ.

ಎಲ್ಲೂ ಸಿಗದಿದ್ದಾಗ ವೈದ್ಯರಿಗೇ ಪತ್ರ ಬರೆದೆ. ಬರೆದಿದ್ದು ಸುಮಾರು 25, ಉತ್ತರ ಬಂದಿದ್ದು ಒಂಬತ್ತು, ಚಿತ್ರ ಕೊಟ್ಟವರು ಆರು ಮಂದಿ. ಅದರಲ್ಲೂ ಎರಡು ಬಿಡಬೇಕಾಯಿತು. ಒಂದರಲ್ಲಿ ತೋಳಿನ ಹಚ್ಚೆ ನೋಡಿ ಗುರುತು ಹಿಡಿಯಬಹುದಿತ್ತು. ಇನ್ನೊಂದು ಅಲ್ಟ್ರಾಸೌಂಡ್: ಫೈಲಿನೊಳಗೆ ರೋಗಿಯ ವಿವರ ಇರುವ ಡೈಕಾಮ್ ಹೆಡರ್‌ನಿಂದ ಹೆಸರು ತೆಗೆದಿದ್ದರು, ಆದರೆ ಮೂಲೆಯಲ್ಲಿ ಚಿತ್ರದೊಳಗೇ ಅಚ್ಚಾದ ಹೆಸರು ಹಾಗೇ ಉಳಿದಿತ್ತು. ರೋಗಿಯ ಒಪ್ಪಿಗೆ ಪತ್ರದಲ್ಲಿ ಆನ್‌ಲೈನ್ ಬೋಧನೆ ಎಂಬ ಮಾತು ಇದೆಯೇ ಎಂದು ಈಗ ಮೊದಲೇ ಕೇಳುತ್ತೇನೆ.

ನಡುವೆ ಎಐ ಚಿತ್ರಗಳನ್ನೂ ಪರೀಕ್ಷಿಸಿದೆ. ಹೃದಯದ ಸೀಳುನೋಟಕ್ಕೆ ಅರವತ್ತು ಪ್ರಯತ್ನವಾದರೂ ಮಾಡಿರಬೇಕು. ಹೊಳಪು ಚೆನ್ನಾಗಿತ್ತು, ರಕ್ತನಾಳಗಳು ಸೇರಬಾರದ ಕೋಣೆಗೆ ಸೇರುತ್ತಿದ್ದವು. ಬಿಟ್ಟೆ. ಚಿತ್ರಗಳನ್ನು ಹಗುರ ಮಾಡಲು ಜೆಪೆಗ್ ಗುಣಮಟ್ಟ 40ಕ್ಕೆ ಇಳಿಸಿದಾಗ ಮಣಿಕಟ್ಟಿನ ಕೂದಲೆಳೆಯಂಥ ಬಿರುಕು ಮಾಯವಾಯಿತು. ಮೂಳೆಯ ಚಿತ್ರಗಳನ್ನು ಈಗ ವಿವರ ಕಳೆಯದ ಪಿಎನ್‌ಜಿಯಲ್ಲೇ ಇಡುತ್ತೇನೆ. ಖುಷಿ ಕೊಟ್ಟಿದ್ದು ವಿಸಿಬಲ್ ಹ್ಯೂಮನ್ ಪ್ರಾಜೆಕ್ಟ್, ಮೃತದೇಹವನ್ನು ತೆಳುವಾಗಿ ಸೀಳುತ್ತಾ ತೆಗೆದ ಚಿತ್ರಗಳ ಅಮೆರಿಕದ ಸಂಗ್ರಹ. 1994ರ ಪುರುಷ ದೇಹದ ಒಂದೊಂದು ಮಿಲಿಮೀಟರಿನ ಸೀಳುಗಳಲ್ಲಿ ಹೊಟ್ಟೆಯ ಭಾಗದ ಎಂಬತ್ತನ್ನು ಜೋಡಿಸಿ, ಬೆರಳಲ್ಲಿ ಸರಿಸಿದರೆ ಮೇಲಿಂದ ಕೆಳಕ್ಕೆ ಇಳಿಯುವಂತೆ ಮಾಡಿದೆ. 2019ರಿಂದ ಅದಕ್ಕೆ ಲೈಸೆನ್ಸ್ ಪತ್ರವೂ ಬೇಕಿಲ್ಲ. ನಾಲ್ಕೂ ಕೋರ್ಸಿನಲ್ಲಿ ಜನ ಅತಿ ಹೆಚ್ಚು ಹೊತ್ತು ನಿಲ್ಲುವ ಪುಟ ಅದೇ.

ದುಡ್ಡಿನ ಲೆಕ್ಕ: ಮೊದಲ ಕೋರ್ಸಿನ ಖರ್ಚಿನಲ್ಲಿ ಕಾಲು ಭಾಗ ಚಿತ್ರಗಳಿಗೇ ಹೋಗಿತ್ತು. ನಾಲ್ಕನೆಯದರಲ್ಲಿ ಇಪ್ಪತ್ತರಲ್ಲಿ ಒಂದು ಭಾಗ, ಅದೂ ಚಿತ್ರಗಾರರೊಬ್ಬರಿಂದ ಹನ್ನೊಂದು ಚಿತ್ರ ಬರೆಸಿದ್ದಕ್ಕೆ. ಸ್ಟಾಕ್ ಫೋಟೋ ತಗೊಳ್ಳಿ ಎಂದಿದ್ದವರಲ್ಲಿ ಇಬ್ಬರು ಪ್ರತಿ ಚಿತ್ರದ ಮೂಲ, ಲೈಸೆನ್ಸ್ ಬರೆದಿಡುವ ನನ್ನ ಹಾಳೆಯ ನಮೂನೆ ಕೇಳಿ ತೆಗೆದುಕೊಂಡರು.

ಎರಡು ಮೈಬಣ್ಣದ ಚಿತ್ರ ಇನ್ನೂ ಸಿಗದ ಮೂರು ರೋಗಗಳಲ್ಲಿ ನವಜಾತ ಶಿಶುವಿನ ಕಾಮಾಲೆಯೂ ಒಂದು. ಕಪ್ಪು ಮೈಯ ಮಗುವಿನ ಕಣ್ಣಿನ ಬಿಳಿಭಾಗ, ಒಸಡು ಸ್ಪಷ್ಟವಾಗಿ ಕಾಣಬೇಕು. ಸಿಗುವುದೆಲ್ಲ ಚಿಕಿತ್ಸೆಯ ನೀಲಿ ಬೆಳಕಿನ ಕೆಳಗೆ ತೆಗೆದವು, ಹಳದಿಯೇ ಕಾಣುವುದಿಲ್ಲ. ಈ ವಾರ ಇನ್ನೂ ನಾಲ್ಕು ಪತ್ರ ಬರೆದಿದ್ದೇನೆ.