ಎಂಎಸ್-20 ಕೊನೆಗೂ ಶ್ರುತಿಗೆ ಬಂತು

ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಹಳೆಯ ಕೊರ್ಗ್ ಎಂಎಸ್-20 ಸಿಂಥಸೈಜರ್ ಇದೆ. ಅದು ಮಾರುಕಟ್ಟೆಗೆ ಬಂದದ್ದು 1978ರಲ್ಲಿ, ಕಂಪ್ಯೂಟರು, ವಾದ್ಯಗಳು ಪರಸ್ಪರ ಸ್ವರದ ಸಂದೇಶ ಕಳಿಸುವ ಮಿಡಿ ಪದ್ಧತಿ ಬಂದದ್ದು 1983ರಲ್ಲಿ. ಹಾಗಾಗಿ ಕಂಪ್ಯೂಟರಿನಿಂದ ನುಡಿಸಲು ಮಿಡಿ ಸಂದೇಶವನ್ನು ವೋಲ್ಟೇಜಾಗಿ ಬದಲಿಸುವ ಪೆಟ್ಟಿಗೆ ಬೇಕು. ಜೋಡಿಸಿದ ದಿನವೇ ತಲೆನೋವು ಶುರುವಾಯಿತು. ಕೀಲಿ ಒತ್ತಿದರೆ ಮೌನ, ಬಿಟ್ಟರೆ ನಾದ. ಸಾಲದ್ದಕ್ಕೆ, ಮೇಲಿನ ಷಡ್ಜ ಕೇಳಬೇಕಾದಲ್ಲಿ ಪಂಚಮ!

ಆ ಪಂಚಮವೇ ಸುಳಿವು ಕೊಟ್ಟಿತು. ಮಲ್ಟಿಮೀಟರ್ ಹಿಡಿದು ನೋಡಿದೆ: ಒಂದು ಸ್ಥಾಯಿ ಏರಿದಾಗ ಪೆಟ್ಟಿಗೆ 2 ವೋಲ್ಟಿನಿಂದ 3ಕ್ಕೆ ಹೋಗುತ್ತಿತ್ತು. ಎಂಎಸ್-20ರಲ್ಲಿ ಕಂಪನಾಂಕವು ವೋಲ್ಟೇಜಿಗೆ ನೇರ ಅನುಪಾತದಲ್ಲಿರುತ್ತದೆ. ಸ್ಥಾಯಿ ಏರಲು 2 ವೋಲ್ಟ್ 4 ಆಗಬೇಕು. 3ಕ್ಕೆ 2ರ ಅನುಪಾತವೆಂದರೆ ತಂಬೂರಿಯ ಸಾ–ಪಾ ತಾನೆ? ಪೆಟ್ಟಿಗೆಯ ಸೆಟ್ಟಿಂಗನ್ನು ‘ವೋಲ್ಟ್ ಪರ್ ಆಕ್ಟೇವ್’ (ಸ್ಥಾಯಿಗೊಂದು ವೋಲ್ಟ್) ಎಂಬುದರಿಂದ ‘ಹರ್ಟ್ಜ್ ಪರ್ ವೋಲ್ಟ್’ಗೆ ಬದಲಿಸಿದೆ. ನಾದ ಶುರು ಮಾಡುವ ಸಂಕೇತವಾದ ಟ್ರಿಗರನ್ನೂ ‘ಎಸ್-ಟ್ರಿಗ್’ ಮಾಡಿದೆ, ಏಕೆಂದರೆ ಟ್ರಿಗರ್ ತಂತಿ ಗ್ರೌಂಡಿಗೆ ತಾಗಿದಾಗಲೇ ಈ ಯಂತ್ರ ನುಡಿಯುತ್ತದೆ.

ನಮ್ಮೂರಿನ ಬೇಸಿಗೆಯ ಸೆಕೆಗೆ ಶ್ರುತಿ ಇನ್ನೂ ಜಾರುತ್ತದೆ. ಅರ್ಧ ಗಂಟೆ ಆನ್ ಮಾಡಿಟ್ಟು, ರಾತ್ರಿ ಫ್ಯಾನ್ ನಿಲ್ಲಿಸಿ ಹೊಂದಿಸುತ್ತೇನೆ. ನಿನ್ನೆ ಮೋಹನದ ಆರೋಹಣವನ್ನು ಎರಡು ಸ್ಥಾಯಿಗಳಲ್ಲಿ ನುಡಿಸಿದೆ. ಒಂದು ಸ್ವರವೂ ತಪ್ಪಲಿಲ್ಲ.