ಕೋನ್ ಬಿಟ್ಟು ಬ್ರಷ್‌ನಲ್ಲಿ ಗೆಸ್ಸೋ ಗೆರೆ: ನನ್ನ ಅನುಭವ

ಮೈಸೂರು ಶೈಲಿಯ ಚಿತ್ರದಲ್ಲಿ ಗೆಸ್ಸೋ (ಬಿಳಿ ಪುಡಿ, ಗೋಂದು ಕಲಸಿದ ಲೇಪ; ಇದರ ಉಬ್ಬು ಗೆರೆ ಮೇಲೆ ಚಿನ್ನದ ತೆಳು ಹಾಳೆ, ಅಂದರೆ ರೇಕು, ಕೂರಿಸುತ್ತಾರೆ) ತಂಜಾವೂರಿನಷ್ಟು ಉಬ್ಬಬಾರದು ಅಂತ ಎಲ್ಲರೂ ಹೇಳುತ್ತಾರೆ. ಹೇಳಿ, ಮೆಹಂದಿ ಕೋನ್ ಹಿಡಿದು ದಪ್ಪ ಗೆರೆ ಎಳೆಯುತ್ತಾರೆ! ನಾನು ತೀರಾ ಸಣ್ಣ ತುದಿಯ 000 ಬ್ರಷ್‌ನಲ್ಲೇ ಹಾಕ್ತೀನಿ ಅಂದಾಗ ಸೀನಿಯರ್‌ಗಳು ನಕ್ಕರು. "ಸೀರೆ ಅಂಚು ಮುಗಿಯೋದರೊಳಗೆ ನಿನ್ನ ಕೋರ್ಸೇ ಮುಗಿದಿರತ್ತೆ ಬಿಡೋ" ಅಂದರು. ಈಗ ಅವರೇ ನನ್ನ ಸರಸ್ವತಿಯ ಜರಿ ಅಂಚನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುತ್ತಾರೆ.

ಮೊದಮೊದಲು ಹಾಳಾದದ್ದೇ ಜಾಸ್ತಿ. ಗೋಂದು ಹೆಚ್ಚಾದರೆ ಗೆರೆ ಒಣಗಿ ಬಿರುಕು. ಕಡಿಮೆಯಾದರೆ ಹೊಳಪಿಗೆ ಕಲ್ಲಿನಿಂದ ಉಜ್ಜುವಾಗ ಪುಡಿಯಾಗಿ, ಚಿನ್ನದ ರೇಕಿನ ಸಮೇತ ಎದ್ದು ಬರುತ್ತಿತ್ತು. ಹೊಟ್ಟೆ ಉರಿಯುವುದು ಅಲ್ಲೇ. 25 ರೇಕಿನ ಪುಸ್ತಕಕ್ಕೆ ಆಗ 3,000ದ ಹತ್ತಿರ ಕೊಟ್ಟ ನೆನಪು. ಅರ್ಧ ಪುಸ್ತಕ ಒಂದು ಕಿರೀಟಕ್ಕೇ ಹೋಯಿತು. ಆ ತಿಂಗಳ ಮೆಸ್ ಬಿಲ್ಲು ಸಾಲದಲ್ಲಿ.

ಕೊನೆಗೆ ಗೆಸ್ಸೋವನ್ನು ಹಾಲಿನಷ್ಟು ತೆಳು ಮಾಡಿಕೊಂಡೆ. ಒಂದೇ ಸಲಕ್ಕೆ ಎತ್ತರ ತರುವ ಆಸೆ ಬಿಟ್ಟು ಮೂರು ನಾಲ್ಕು ಕೋಟ್, ಪ್ರತಿಯೊಂದೂ ಪೂರ್ತಿ ಒಣಗಿದ ಮೇಲೆ. ಹಳಬರು ಬಳಸುತ್ತಿದ್ದ ಸೀಸದ ಬಿಳಿ ಬೇಡ, ವಿಷ. ಅದರಲ್ಲೂ ನನಗೆ ಬ್ರಷ್ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಚಟ. ಜಿಂಕ್ ಆಕ್ಸೈಡಿನ ಬಿಳಿ ಪುಡಿ ಸಾಕು. ಚೂರು ರೇವಲ್‌ಚಿನ್ನಿ (ಹಳದಿ ಬಣ್ಣದ ಮರದ ಅಂಟು) ಸೇರಿಸಿದರೆ ಗೆರೆ ಹಳದಿ ಕಾಣತ್ತೆ, ರೇಕು ಎಲ್ಲಾದರೂ ಹರಿದರೂ ಕಣ್ಣಿಗೆ ಬೀಳಲ್ಲ. ಗೋಂದಿಗೆ ಇನ್ನೊಂದು ಪದಾರ್ಥ ಹಾಕುತ್ತೇನೆ. ಅಡುಗೆಮನೆಯದೇ. ಅದಕ್ಕಿಂತ ಹೆಚ್ಚು ಹೇಳಲ್ಲ.

ದೀಪ ಮಾತ್ರ ಮೇಲಿಂದ ಬೇಡ. ಟೇಬಲ್ ಲ್ಯಾಂಪನ್ನು ಬೋರ್ಡಿನ ಪಕ್ಕಕ್ಕೆ ತಗ್ಗಿಸಿ ಇಡಿ. ಗೆರೆಯ ನೆರಳು ಎಲ್ಲಿ ತುಂಡಾಗಿದೆಯೋ ಅಲ್ಲಿ ಇನ್ನೊಂದು ಕೋಟ್ ಬೇಕು ಅಂತ. ರೇಕು ಇಡುವ ಮುಂಚೆ ಗೆರೆ ಮೇಲೆ ಬಾಯಿಂದ ಬಿಸಿ ಉಸಿರು ಬಿಡುತ್ತೇನೆ. ಅಷ್ಟು ಪಸೆಗೇ ಹಿಡಿದುಕೊಳ್ಳತ್ತೆ.

ಮಧ್ಯೆ ಸುಮ್ನೆ ಹಿತ್ತಾಳೆಯ ನಕಲಿ ರೇಕನ್ನೂ ನೋಡಿದೆ. ವಾರ್ನಿಷ್ ಕೊಡದೆ ಬಿಟ್ಟಿದ್ದೆ, ಮಳೆಗಾಲ ಕಳೆಯುವಷ್ಟರಲ್ಲಿ ಕಪ್ಪು. ಬಿಳಿ ಅಂಟು ಬೆರೆಸಿದ ಗೆಸ್ಸೋ ಬಿರುಕು ಬಿಡಲಿಲ್ಲ, ಆದರೆ ರಬ್ಬರಿನಂತಾಗಿ ಹೊಳಪೇ ಏರಲಿಲ್ಲ. ಹುಣಸೆ ಕಡ್ಡಿ ಸುಟ್ಟು ಇದ್ದಿಲು ಮಾಡಿಕೊಂಡದ್ದು ಮಾತ್ರ ಸಾರ್ಥಕ, ಈಗ ಸ್ಕೆಚ್ಚೆಲ್ಲಾ ಅದರಲ್ಲೇ.

ಆ ಸರಸ್ವತಿ, ಸುಮಾರು 10x12 ಇಂಚಿನದು, 9,000ಕ್ಕೆ ಹೋಯಿತು. ಫ್ರೇಮು, ರೇಕು ಕಳೆದು ಐದು ಸಾವಿರದಷ್ಟು ಉಳಿಯಿತು. ಮೆಸ್ ಸಾಲ ತೀರಿಸಿ ಇನ್ನೊಂದು ಪುಸ್ತಕ ರೇಕು ತಂದಿದ್ದೇನೆ.